ಅಂಗಳದ ಶೆಡ್ಡಿನಿಂದ ಕಾಲು ಮೈಲಿಗೆ: ಕಡಿಮೆ ಖರ್ಚಿನಲ್ಲಿ ಡ್ರ್ಯಾಗ್ ಕಾರು ಸಿದ್ಧಪಡಿಸುವ ಕ್ರಮ

ಕೇರಳದ ಗಡಿ ಜಿಲ್ಲೆ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವ ಪ್ರಶ್ನೆ ಒಂದೇ ಆಗಿದೆ. ಮನೆಯಲ್ಲಿ ಹಳೆಯ ಕಾರೊಂದಿದೆ, ತೋಟದ ಬದಿಯಲ್ಲಿ ಶೆಡ್ಡಿಗೆ ಜಾಗವಿದೆ, ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಡ್ರ್ಯಾಗ್ ರೇಸಿಗೆ ಕಾರನ್ನು ಸಿದ್ಧಪಡಿಸಲು ಎಲ್ಲಿಂದ ಆರಂಭಿಸಬೇಕು? ಹೀಗೆ ಕೇಳುವವರಲ್ಲಿ ಅನೇಕರು ಆಗಲೇ ದೊಡ್ಡ ಸದ್ದಿನ ಸೈಲೆನ್ಸರನ್ನೋ ಜಾಲರಿಯ ಏರ್ ಫಿಲ್ಟರನ್ನೋ ಕೊಂಡಿರುತ್ತಾರೆ. ಪಟ್ಟಿಯಲ್ಲಿ ಕೊನೆಗೆ ಬರಬೇಕಾದ ಸಾಮಾನುಗಳಿವು. ಕಡಿಮೆ ಖರ್ಚಿನಲ್ಲಿ ಗೆಲ್ಲುವುದಿದ್ದರೆ ಹಣ ಖರ್ಚಾಗುವ ಕ್ರಮವನ್ನು ತಲೆಕೆಳಗು ಮಾಡಬೇಕಾಗುತ್ತದೆ: ಮೊದಲು ನೆಲ ಮತ್ತು ಸಲಕರಣೆ, ಅನಂತರ ಬ್ರೇಕು, ಟಯರು, ತೂಕ, ಎಲ್ಲಕ್ಕೂ ಕೊನೆಗೆ ಎಂಜಿನ್ನಿನ ಶಕ್ತಿ. ಕಾರಿನ ಬೆಲೆಯನ್ನು ಬಿಟ್ಟು ನಿಮ್ಮಲ್ಲಿ ನೂರು ರೂಪಾಯಿ ಇದೆಯೆಂದು ಭಾವಿಸಿದರೆ, ನಾನು 25ನ್ನು ಶೆಡ್ಡು ಮತ್ತು ಸಲಕರಣೆಗೆ, 20ನ್ನು ಚಾಲಕನ ಸುರಕ್ಷೆಗೆ, 20ನ್ನು ಟಯರು ಮತ್ತು ಬ್ರೇಕಿಗೆ, 20ನ್ನು ಇರುವ ಎಂಜಿನ್ನನ್ನು ಸುಸ್ಥಿತಿಗೆ ತರಲು, 10ನ್ನು ಟ್ರ್ಯಾಕಿಗೆ ಹೋಗಿಬರಲು ಇಟ್ಟು, ಉಳಿದ ಐದನ್ನು ಮಾತ್ರ ಶಕ್ತಿ ಹೆಚ್ಚಿಸಲು ಬಿಡುತ್ತೇನೆ.

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ, ಸಾಮಾನ್ಯವಾಗಿ 402 ಮೀಟರ್, ಅಂದರೆ ಕಾಲು ಮೈಲಿ, ದೂರವನ್ನು ಎಷ್ಟು ಬೇಗ ಕ್ರಮಿಸುತ್ತೀರಿ ಎಂಬ ಸ್ಪರ್ಧೆ. ಆರಂಭದ ಗೆರೆಯಲ್ಲಿ ಸುಮಾರು 18 ಸೆಂಟಿಮೀಟರ್ ಅಂತರದಲ್ಲಿ ಎರಡು ಬೆಳಕಿನ ಕಿರಣಗಳು ಅಡ್ಡ ಹಾಯುತ್ತವೆ. ಮುಂದಿನ ಚಕ್ರ ಮೊದಲನೆಯದನ್ನು ತಡೆದಾಗ ‘ಪ್ರೀ ಸ್ಟೇಜ್’ ದೀಪವೂ ಎರಡನೆಯದನ್ನು ತಡೆದಾಗ ‘ಸ್ಟೇಜ್’ ದೀಪವೂ ಉರಿಯುತ್ತವೆ. ಬಳಿಕ ಹಳದಿ, ಹಸಿರು. ಹಸಿರಿಗೆ ಮುನ್ನವೇ ಹೊರಟರೆ ಕೆಂಪು. ಹೊಸಬರು ತಿಳಿಯದಿರುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು: ಗಡಿಯಾರ ಓಡಲಾರಂಭಿಸುವುದು ಹಸಿರು ದೀಪ ಉರಿದಾಗಲ್ಲ, ನಿಮ್ಮ ಚಕ್ರ ಆ ಎರಡನೆಯ ಕಿರಣವನ್ನು ಬಿಟ್ಟು ಮುಂದೆ ಸರಿದಾಗ. ಹಸಿರು ಕಂಡ ಮೇಲೆ ನೀವು ತಡ ಮಾಡಿದ ಕ್ಷಣಗಳು ‘ರಿಯಾಕ್ಷನ್ ಟೈಮ್’ ಎಂದು ಬೇರೆಯಾಗಿ ದಾಖಲಾಗುತ್ತವೆ. ಆದ್ದರಿಂದ ಒಳ್ಳೆಯ ಸಮಯ ಮಾಡಿಯೂ ಪಕ್ಕದವನಿಗೆ ಸೋಲುವುದು ಸಾಧ್ಯ.

ಹಂತ 1: ನಿಯಮ ಮತ್ತು ಕಾಗದಪತ್ರ

ಸ್ಪ್ಯಾನರ್ ಹಿಡಿಯುವ ಮೊದಲು ನೀವು ಹೋಗಬಯಸುವ ಸ್ಪರ್ಧೆಯ ನಿಯಮಾವಳಿಯನ್ನು ಮುದ್ರಿಸಿಕೊಂಡು ಓದಬೇಕು. ಭಾರತದಲ್ಲಿ ಮೋಟಾರು ಕ್ರೀಡೆಯ ಮಾನ್ಯತೆ ನೀಡುವ ಸಂಸ್ಥೆ ಎಫ್‌ಎಂಎಸ್‌ಸಿಐ; ಅದರ ಅಡಿಯಲ್ಲಿ ನಡೆಯುವ ಸ್ಪರ್ಧೆಗಳಿಗೆ ಆ ಸಂಸ್ಥೆಯ ಸ್ಪರ್ಧಾ ಪರವಾನಿಗೆ ಬೇಕು. ಲೋಣಾವಳದ ಬಳಿ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ನಡೆದುಬಂದ ‘ವ್ಯಾಲಿ ರನ್’ ಈ ಕ್ರೀಡೆಯ ಹೆಸರಾಂತ ಕೂಟ. ದಕ್ಷಿಣದಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕ್, ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ನಮಗೆ ಸಮೀಪದವು. ಯಾವ ವರ್ಗದಲ್ಲಿ ಎಷ್ಟು ಸಿಸಿ, ಕನಿಷ್ಠ ತೂಕವೆಷ್ಟು, ಸೀಟು ಕಳಚಬಹುದೇ, ಎಂಥ ಟಯರಿಗೆ ಅವಕಾಶ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ನಿಯಮ ಓದದೆ ಹಿಂದಿನ ಸೀಟು ಕಿತ್ತವರು ‘ಸ್ಟಾಕ್’ ವರ್ಗದಿಂದ, ಅಂದರೆ ಕಂಪೆನಿಯಿಂದ ಬಂದ ಹಾಗೆಯೇ ಇರಬೇಕಾದ ಕಾರುಗಳ ವರ್ಗದಿಂದ, ಹೊರಬಿದ್ದು ತಮಗಿಂತ ಎಷ್ಟೋ ಬಲವಾದ ಕಾರುಗಳ ಜೊತೆ ನಿಲ್ಲಬೇಕಾಗುತ್ತದೆ.

ಗಡಿ ಭಾಗದ ನಮಗೆ ಇನ್ನೊಂದು ತೊಡಕಿದೆ. ಹಳೆಯ ಕಾರುಗಳನ್ನು ನಾವು ಹೆಚ್ಚಾಗಿ ಮಂಗಳೂರು, ಪುತ್ತೂರು ಕಡೆಯಿಂದ ತರುತ್ತೇವೆ. ಅವುಗಳ ನಂಬರು ಕೆಎ 19 ಅಥವಾ ಕೆಎ 21. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇರಿಸಿಕೊಂಡರೆ ಹೊಸ ನಂಬರು, ಅಂದರೆ ಕೆಎಲ್ 14, ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರವೂ ಕೇರಳದ ತೆರಿಗೆಯೂ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕಾಗದವಿಲ್ಲದ ಕಾರು ತರಬೇಡಿ. ಇದಲ್ಲದೆ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಒಮ್ಮೆ ಬಿಚ್ಚಲು ಆರಂಭಿಸಿದ ಕಾರು ರಸ್ತೆಗೆ ಇಳಿಯುವಂತಿಲ್ಲ, ಲಾರಿಯ ಮೇಲೆಯೇ ಹೋಗಿ ಬರಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾಗಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66ನ್ನು ನೋಡಿ ‘ರಾತ್ರಿ ಒಂದು ಗಂಟೆಗೆ ಒಮ್ಮೆ ಪರೀಕ್ಷಿಸಿದರೆ ಏನಾಯಿತು’ ಎಂದು ಕೇಳಿದವರೂ ಇದ್ದಾರೆ. ಸರಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆಯಾಗಲೀ ಪರೀಕ್ಷೆಯಾಗಲೀ ನಡೆಸುವುದು 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮಾತು ಹಾಗಿರಲಿ, ಆ ದಾರಿಯಲ್ಲಿ ದೀಪವಿಲ್ಲದ ಸೈಕಲ್ಲೂ ಹಸುವೂ ಅಡ್ಡ ಬರುತ್ತವೆ.

ಹಂತ 2: ಶೆಡ್ಡು

ಅಡಿಕೆ ಒಣಗುವ ತಿಂಗಳುಗಳಲ್ಲಿ ಮನೆಯ ಅಂಗಳ ನಿಮಗೆ ಸಿಗುವುದಿಲ್ಲ. ಸಿಕ್ಕುವ ಮಳೆಗಾಲದಲ್ಲಿ ಅಲ್ಲಿ ನಿಲ್ಲಲಾಗುವುದಿಲ್ಲ. ಆದ್ದರಿಂದ ಸಣ್ಣದಾದರೂ ನಿಮ್ಮದೇ ಆದ ಒಂದು ಮೂಲೆ ಬೇಕು. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದವಿದ್ದರೆ ಒಂದು ಸಣ್ಣ ಕಾರಿಗೆ ಸಾಕು. ಗೋಡೆ ಇಲ್ಲದಿದ್ದರೂ ನಡೆಯುತ್ತದೆ, ನೆಲ ಮಾತ್ರ ಕಾಂಕ್ರೀಟಿನದೇ ಆಗಬೇಕು. ಸೆಗಣಿ ಸಾರಿಸಿದ ಅಥವಾ ಕೆಂಪು ಮಣ್ಣು ಗುದ್ದಿದ ಅಂಗಳದಲ್ಲಿ ಜಾಕಿಯ ಸಣ್ಣ ಚಕ್ರಗಳು ಭಾರ ಬಿದ್ದೊಡನೆ ಹೂತು ಓರೆಯಾಗುತ್ತವೆ. ನಾಲ್ಕು ಇಂಚು ದಪ್ಪದ ಕಾಂಕ್ರೀಟನ್ನು ಮಟ್ಟ ನೋಡಿ ಹಾಕಿಸಿ, ಕನಿಷ್ಠ ಒಂದು ವಾರ ನೀರು ನಿಲ್ಲಿಸಿ ಗಟ್ಟಿಯಾಗಲು ಬಿಡಿ. ಮಟ್ಟದ ವಿಷಯದಲ್ಲಿ ಜಿಪುಣತನ ಮಾಡಬಾರದು. ಮುಂದೆ ಚಕ್ರದ ಅಲೈನ್‌ಮೆಂಟನ್ನು ಇದೇ ನೆಲದ ಮೇಲೆ ನೋಡುವುದಿದೆ.

ನಮ್ಮ ಊರಿನ ಅತ್ಯಂತ ಅಪಾಯಕರ ಅಭ್ಯಾಸವೆಂದರೆ ಕಾರನ್ನು ಜಾಕಿಯಲ್ಲಿ ಎತ್ತಿ ಅಡಿಗೆ ಮುರಕಲ್ಲು ಜೋಡಿಸುವುದು. ಮುರಕಲ್ಲು ಗೋಡೆಯಲ್ಲಿ ಭಾರ ಹಂಚಿಹೋದಾಗ ಶತಮಾನ ಕಾಲ ನಿಲ್ಲುತ್ತದೆ. ಆದರೆ ಕಾರಿನ ಚೌಕಟ್ಟಿನ ತೆಳು ಅಂಚು ಒಂದೇ ಜಾಗದಲ್ಲಿ ಊರಿದಾಗ ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ. ನಾನೇ ಹಾಗೆ ಮೂರು ಕಲ್ಲು ಪೇರಿಸಿಟ್ಟಿದ್ದ ಕಾರಿನ ಕೆಳಗಿನಿಂದ ಎದ್ದುಬಂದು ನೀರು ಕುಡಿಯುತ್ತಿದ್ದಾಗ, ನಡುವಿನ ಕಲ್ಲಿನಿಂದ ಮೆಣಸಿನ ಪುಡಿಯಂಥ ಕೆಂಪು ಹುಡಿ ಸಣ್ಣಗೆ ಉದುರುತ್ತಿದ್ದುದನ್ನು ಕಂಡೆ. ಲೋಟ ಕೆಳಗಿಡುವ ಮೊದಲೇ ಕಾರು ಕೂತಿತು. ಸಲಕರಣೆಗೆಂದು ನೀವು ಕೊಡುವ ಮೊದಲ ರೂಪಾಯಿ ಮೂರು ಟನ್ನಿನ ಎರಡು ಜೊತೆ ಆಕ್ಸಲ್ ಸ್ಟ್ಯಾಂಡಿಗೇ, ಅಂದರೆ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಉಕ್ಕಿನ ಕಾಲುಗಳಿಗೇ, ಹೋಗಬೇಕು. ಬರಿಯ ಜಾಕಿಯ ಮೇಲಿರುವ ಕಾರಿನಡಿಗೆ ಒಂದು ಕೈಯನ್ನೂ ತೂರಿಸಬಾರದು. ಸ್ಟ್ಯಾಂಡ್ ಮೇಲೆ ಇಳಿಸಿದ ಬಳಿಕ ಕಾರನ್ನು ಎರಡೂ ಕೈಗಳಿಂದ ಬಲವಾಗಿ ಅಲುಗಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಮಾಡು ತಗಡಿನದಾಗಿರಲಿ. ಸೋಗೆ, ಮಡಲು ಹೊದಿಸಿದ ಮಾಡಿನಡಿ, ಅಥವಾ ಒಣ ಅಡಿಕೆ ಸಿಪ್ಪೆಯ ರಾಶಿಯ ಬದಿಯಲ್ಲಿ ಗ್ರೈಂಡರ್, ವೆಲ್ಡಿಂಗ್ ಕೆಲಸ ಮಾಡಬಾರದು. ಕಿಡಿ ಒಳಗೆ ಹೊಕ್ಕು ಗಂಟೆಗಳ ಬಳಿಕ ಹೊತ್ತಿಕೊಳ್ಳುತ್ತದೆ. ರಬ್ಬರ್ ಶೀಟಿನ ಹೊಗೆಮನೆ ಪಕ್ಕದಲ್ಲಿದ್ದರೆ ಶೆಡ್ಡಿಗೆ ಬೇರೆ ಜಾಗ ಹುಡುಕಿ. ಮಳೆ ಬೀಸುತ್ತದೆಂದು ಬಾಗಿಲು ಮುಚ್ಚಿ ಎಂಜಿನ್ ಓಡಿಸುವುದೂ ಪ್ರಾಣಾಂತಕ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಬಣ್ಣವೂ ಇಲ್ಲ. ವಿದ್ಯುತ್ತಿಗೆ ಸರಿಯಾದ ಅರ್ತಿಂಗ್ ಇರಬೇಕು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದೊಡನೆ ತಾನೇ ಕಡಿದುಕೊಳ್ಳುವ ಸ್ವಿಚ್, ಹಾಕಿಸಬೇಕು. ಒದ್ದೆ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತು ಗ್ರೈಂಡರ್ ಹಿಡಿಯುವ ಊರು ನಮ್ಮದು.

ಪೆಟ್ರೋಲಿನ ವಿಷಯದಲ್ಲಿ, ಮಾರಾಟಕ್ಕಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ಪರವಾನಿಗೆ ಕೇಳುವುದಿಲ್ಲ. ಆದರೂ ಲೋಹದ ಕ್ಯಾನಿನಲ್ಲಿ, ಬೆಂಕಿಯಿಂದ ದೂರ, ಅಗತ್ಯವಿದ್ದಷ್ಟನ್ನೇ ಇಡಿ. ತೆಗೆದ ಹಳೆಯ ಆಯಿಲನ್ನು ತೋಟದ ಕಣಿಗೆ ಚೆಲ್ಲಬಾರದು. ಮುರಕಲ್ಲಿನ ನೆಲ ಜಾಳುಜಾಳಾದುದು. ಮೇಲೆ ಚೆಲ್ಲಿದ್ದು ಬಾವಿಗೋ ಸುರಂಗದ ನೀರಿಗೋ ಇಳಿಯುತ್ತದೆ. ಕ್ಯಾನಿನಲ್ಲಿ ತುಂಬಿಸಿಟ್ಟು, ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಿ.

ಹಂತ 3: ಸಲಕರಣೆ

ಹೊಸದಾಗಿಯೇ ಕೊಳ್ಳಬೇಕಾದವು: ಆಕ್ಸಲ್ ಸ್ಟ್ಯಾಂಡ್, ಟ್ರಾಲಿ ಜಾಕಿ, ಟಾರ್ಕ್ ರೆಂಚ್ (ಬೋಲ್ಟನ್ನು ನಿಗದಿತ ಬಿಗಿಗೆ ತಿರುಗಿಸಿದಾಗ ‘ಟಕ್’ ಎನ್ನುವ ಸ್ಪ್ಯಾನರ್), ಕಂಪ್ರೆಷನ್ ಗೇಜ್, ಮಲ್ಟಿಮೀಟರ್, ಕಣ್ಣಿಗೆ ಕನ್ನಡಕ, ಬೆಂಕಿ ನಂದಿಸುವ ಸಿಲಿಂಡರ್. ಹಳೆಯದು ಸಿಕ್ಕರೂ ಆದೀತು ಎನ್ನುವವು: 8ರಿಂದ 24ರವರೆಗಿನ ರಿಂಗ್ ಸ್ಪ್ಯಾನರ್, ಅರ್ಧ ಇಂಚಿನ ಸಾಕೆಟ್ ಸೆಟ್, ವೈಸ್, ಸುತ್ತಿಗೆ. ಗುಜರಿ ಅಂಗಡಿಯಲ್ಲಿ ಸಿಗುವ ಹಳೆಯ ಕಾಲದ ಸ್ಪ್ಯಾನರು ಹೊಸ ಅಗ್ಗದ ಸೆಟ್ಟಿಗಿಂತ ಎಷ್ಟೋ ಗಟ್ಟಿ. ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವ ಎಂಜಿನ್ ಎತ್ತುವ ಚೈನ್ ಬ್ಲಾಕ್, ವೆಲ್ಡಿಂಗ್ ಸೆಟ್ ಮುಂತಾದವನ್ನು ಬಾಡಿಗೆಗೆ ತನ್ನಿ. ಚೈನ್ ಬ್ಲಾಕನ್ನು ಶೆಡ್ಡಿನ ಜಿಐ ಪೈಪಿಗೆ ನೇತುಹಾಕುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ಇಲ್ಲಿಯ ತೇವಕ್ಕೂ ಉಪ್ಪುಗಾಳಿಗೂ ಸಲಕರಣೆಗಳು ಒಂದೇ ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತವೆ. ಕೆಲಸ ಮುಗಿದ ಮೇಲೆ ಹೊಸ ಎಂಜಿನ್ ಆಯಿಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರಸಿಡಿ.

ಹಂತ 4: ಕಾರಿನ ಆಯ್ಕೆ

ಅಗ್ಗದ, ಹಗುರವಾದ, ಬಿಡಿಭಾಗ ಧಾರಾಳವಾಗಿ ಸಿಗುವ ಕಾರು ಬೇಕು. ಮಾರುತಿ ಎಸ್ಟೀಮ್ ನನ್ನ ಮೊದಲ ಆಯ್ಕೆ. 1999ರಿಂದ ಬಂದ ಹದಿನಾರು ವಾಲ್ವಿನ ಮಾದರಿಯಲ್ಲಿ 1,298 ಸಿಸಿಯ ಎಂಜಿನ್ 85 ಅಶ್ವಶಕ್ತಿ ಕೊಡುತ್ತದೆ, ಕಾರಿನ ತೂಕ 900 ಕಿಲೋದ ಒಳಗೇ ಇದೆ. ಕಡಿಮೆ ಸಿಸಿಯ ವರ್ಗಕ್ಕೆ ಹಳೆಯ ಝೆನ್ ಒಳ್ಳೆಯದು. ಹೋಂಡಾ ಸಿಟಿಯ ವಿಟೆಕ್ ಮಾದರಿ ಎರಡಕ್ಕಿಂತಲೂ ವೇಗದ್ದೇ, ಆದರೆ ಒಳ್ಳೆಯ ಸ್ಥಿತಿಯಲ್ಲಿರುವುದನ್ನು ಅಗ್ಗಕ್ಕೆ ಮಾರುವವರು ಅಪರೂಪ.

ಕೊಳ್ಳುವಾಗ ಬಣ್ಣ ನೋಡಬೇಡಿ, ತುಕ್ಕು ನೋಡಿ. ಸಮುದ್ರದ ಬದಿಯಲ್ಲಿದ್ದ ಕಾರಿನ ಬಾಗಿಲ ಕೆಳಗಿನ ಅಂಚು, ಮುಂದಿನ ಸಸ್ಪೆನ್ಷನ್ ಬೋಲ್ಟ್ ಕೂರುವ ಬುಡ, ಹಿಂದಿನ ಚಕ್ರದ ಕಮಾನು, ಕಾಲಡಿಯ ತಗಡು, ಈ ನಾಲ್ಕು ಕಡೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅದು ಅಂಟದಿದ್ದರೆ ಬಣ್ಣದಡಿಯಲ್ಲಿ ಇರುವುದು ಪುಟ್ಟಿ. ಸಸ್ಪೆನ್ಷನ್ ಬುಡ ತುಕ್ಕು ಹಿಡಿದ ಕಾರನ್ನು ಧರ್ಮಕ್ಕೆ ಕೊಟ್ಟರೂ ತರಬೇಡಿ.

ಕಂಪ್ರೆಷನ್ ಪರೀಕ್ಷೆಯನ್ನು ಕೊಳ್ಳುವ ಮೊದಲೇ ಮಾಡಿ. ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಎಷ್ಟು ಬಿಗಿಯಾಗಿ ಅದುಮುತ್ತದೆ ಎಂಬುದರ ಅಳತೆ ಅದು. ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ಕಳಚಿ, ಇಗ್ನಿಷನ್ ಮತ್ತು ಇಂಜೆಕ್ಟರಿನ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಆಕ್ಸಿಲರೇಟರ್ ಒತ್ತದೆ ನೋಡಿದರೆ ಒಳ್ಳೆಯ ಎಂಜಿನ್ನೂ ಕೆಟ್ಟದ್ದೆಂದು ತೋರುತ್ತದೆ; ಇದು ಎಲ್ಲರೂ ಮಾಡುವ ತಪ್ಪು. ನಾಲ್ಕು ಸಿಲಿಂಡರುಗಳ ಅಂಕೆಗಳು ಒಂದಕ್ಕೊಂದು ಹತ್ತಿರವಿರಬೇಕು, ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸಂಶಯಪಡಿ. ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕೆ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ದೋಷ ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯಲ್ಲಿ ಸೋರದಂತೆ ಕೂರಿಸಿದ ಹಾಳೆ, ಹೋಗಿರುವ ಸಂಭವವೇ ಹೆಚ್ಚು.

ಹಂತ 5: ಇರುವುದನ್ನು ಸರಿಪಡಿಸುವುದು

ಟೈಮಿಂಗ್ ಬೆಲ್ಟ್ ಮತ್ತು ಅದರ ಟೆನ್ಷನರ್, ಪ್ಲಗ್, ಪ್ಲಗ್ ವೈರ್, ಫಿಲ್ಟರುಗಳು, ಎಂಜಿನ್ ಹಾಗೂ ಗಿಯರ್ ಆಯಿಲ್, ಕೂಲೆಂಟ್ ಇವನ್ನು ಹಿಂದಿನ ಮಾಲೀಕರು ಏನೇ ಹೇಳಿರಲಿ, ಬದಲಾಯಿಸಿಬಿಡಿ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನೂ ಬದಲಾಯಿಸಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ, ಹಳೆಯ ಕಾಲದ ರಬ್ಬರ್ ಅದರಲ್ಲಿ ಉಬ್ಬಿ ಬಿರಿಯುತ್ತದೆ. ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂತಿರುವ ರಬ್ಬರ್ ದಿಂಬುಗಳು, ಸಡಿಲಾಗಿದ್ದರೆ ಹೊರಡುವಾಗ ಮುಂದಿನ ಚಕ್ರಗಳು ಕುಪ್ಪಳಿಸುತ್ತವೆ. ಆ ಪೆಟ್ಟು ನೇರ ಡ್ರೈವ್ ಶಾಫ್ಟಿನ ಕೀಲಿಗೆ ಬೀಳುತ್ತದೆ. ಕ್ಲಚ್ ಹಳೆಯದಿದ್ದರೆ ಮೂಲ ಕಂಪೆನಿಯದ್ದನ್ನೇ ಹೊಸತಾಗಿ ಹಾಕಿಸಿದರೆ ಸಾಕು, ಈ ಶಕ್ತಿಯ ಕಾರಿಗೆ ‘ರೇಸಿಂಗ್ ಕ್ಲಚ್’ ಬೇಕಿಲ್ಲ.

ಹಂತ 6: ತೂಕ ಇಳಿಸುವುದು

ಲೆಕ್ಕ ಸರಳವಾದುದು. ಕಾಲು ಮೈಲಿಯ ಸಮಯವು, ತೂಕವನ್ನು ಶಕ್ತಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ಘನಮೂಲವನ್ನು ಅನುಸರಿಸಿ ಬದಲಾಗುತ್ತದೆ. ಚಾಲಕನೂ ಸೇರಿ 950 ಕಿಲೋ ತೂಗುವ ಕಾರು 18 ಸೆಕೆಂಡಿನಲ್ಲಿ ಓಡುತ್ತಿದ್ದರೆ, 95 ಕಿಲೋ ಇಳಿಸಿದಾಗ ಸುಮಾರು 17.4 ಸೆಕೆಂಡಿಗೆ ಬರುತ್ತದೆ. ಇದೇ ಫಲವನ್ನು ಎಂಜಿನ್ನಿನಿಂದ ಪಡೆಯಲು ಒಂಬತ್ತೂವರೆ ಅಶ್ವಶಕ್ತಿ ಹೆಚ್ಚಿಸಬೇಕು; ಅದಕ್ಕೆ ಹೆಡ್ ಕೆಲಸ, ಕ್ಯಾಮ್, ಎಕ್ಸಾಸ್ಟ್ ಎಂದು ಹಣ ಹರಿಯುತ್ತದೆ. ತೂಕ ಇಳಿಸಲು ಬೇಕಾದುದು 10, 12, 14ರ ಸ್ಪ್ಯಾನರ್ ಮತ್ತು ಒಂದು ಭಾನುವಾರ.

ಹಿಂದಿನ ಸೀಟು, ಸ್ಟೆಪ್ನಿ ಮತ್ತು ಜಾಕಿ, ಪಕ್ಕದ ಸೀಟು, ಕಾರ್ಪೆಟ್ಟು, ಸ್ಪೀಕರು, ವರ್ಗದ ನಿಯಮ ಒಪ್ಪಿದರೆ ಏಸಿಯ ಕಂಪ್ರೆಸರ್ ಮತ್ತು ಕಂಡೆನ್ಸರ್ ಇವನ್ನೆಲ್ಲ ಕಳಚಿ, ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಪುಸ್ತಕದಲ್ಲಿ ಬರೆಯಿರಿ. ಟ್ಯಾಂಕಿನಲ್ಲಿ 40 ಲೀಟರಿನ ಬದಲು ಎಂಟು ಲೀಟರ್ ಇಟ್ಟುಕೊಂಡರೆ ಅಲ್ಲೇ ಸುಮಾರು 24 ಕಿಲೋ ಉಳಿತಾಯ. ಕೊನೆಗೆ ಇಡೀ ಕಾರನ್ನು ವೇ ಬ್ರಿಡ್ಜಿನಲ್ಲಿ ತೂಗಿಸಿ. ಕನಿಷ್ಠ ತೂಕಕ್ಕಿಂತ ಕೆಳಗಿಳಿದರೆ ನಿಮ್ಮನ್ನು ಅನರ್ಹಗೊಳಿಸುತ್ತಾರೆ. ಬಾಗಿಲಿನೊಳಗಿನ ಅಡ್ಡ ಕಂಬಿ, ಬಂಪರಿನ ಹಿಂದಿನ ಉಕ್ಕಿನ ಪಟ್ಟಿ, ಬಾನೆಟ್ಟಿನ ಕೊಂಡಿ ಇವಕ್ಕೆ ಕೈ ಹಾಕಬಾರದು. ಅವು ಅಪಘಾತದಲ್ಲಿ ನಿಮ್ಮನ್ನು ಕಾಯುವ ತೂಕ.

ಹಂತ 7: ಬ್ರೇಕು, ಟಯರು, ಅಲೈನ್‌ಮೆಂಟ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ನಮ್ಮ ಮಳೆಗಾಲ ದಾಟಿದ ಆಯಿಲ್ ಬಿಸಿಯಾದಾಗ ಬೇಗನೆ ಕುದಿದು ಪೆಡಲ್ ಮೆತ್ತಗಾಗುತ್ತದೆ. ಪ್ರತಿ ವರ್ಷ ಬದಲಾಯಿಸಿ. ಹಿಂದಕ್ಕೆ ಹೋಗುವ ಲೋಹದ ನಳಿಗೆಯನ್ನು ಬೆರಳಿನಿಂದ ಸವರಿ ನೋಡಿ, ಪೊರೆ ಏಳುತ್ತಿದ್ದರೆ ಬದಲಾಯಿಸಿ. ಬ್ರೇಕ್ ಕ್ಲೀನರ್ ಸಿಂಪಡಿಸಿದ ಭಾಗಕ್ಕೆ ವೆಲ್ಡಿಂಗ್ ಮಾಡಬಾರದು. ಕ್ಲೋರಿನ್ ಇರುವ ಕ್ಲೀನರ್ ಆ ಶಾಖದಲ್ಲಿ ವಿಷಾನಿಲವಾಗುತ್ತದೆ.

ಟಯರಿನಲ್ಲಿ ಅಗಲಕ್ಕಿಂತ ಮೃದುತ್ವ ಮುಖ್ಯ. ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2219 ಎಂದಿದ್ದರೆ ಅದು 2019ರ 22ನೇ ವಾರದ್ದು. ಹೂವು, ಅಂದರೆ ಟಯರಿನ ಮೇಲ್ಮೈಯ ಅಚ್ಚು, ಎಷ್ಟೇ ಉಳಿದಿರಲಿ, ಆರು ವರ್ಷ ದಾಟಿದ ಟಯರು ಕಲ್ಲಿನಂತಾಗಿರುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹೊರಡುವಾಗ ಭಾರ ಹಿಂದಕ್ಕೆ ವಾಲಿ ಮುಂದಿನ ಟಯರು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಹಿಂದಿನ ಟಯರಿನಲ್ಲಿ ಗಾಳಿ ಹೆಚ್ಚಾಗಿಯೇ ಇಟ್ಟು, ಮುಂದಿನದರಲ್ಲಿ ಕಂಪೆನಿ ಹೇಳಿದ ಅಳತೆಯಿಂದ ಎರಡೆರಡು ಪಿಎಸ್‌ಐ ಇಳಿಸುತ್ತ ಪ್ರತಿ ಓಟದ ಸಮಯವನ್ನು ಹೋಲಿಸಿ ನೋಡಿ. 22ಕ್ಕಿಂತ ಕೆಳಗೆ ಹೋಗಬೇಡಿ. ಡಿಫರೆನ್ಷಿಯಲನ್ನು, ಅಂದರೆ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರನ್ನು, ವೆಲ್ಡ್ ಮಾಡಿ ಎರಡೂ ಚಕ್ರ ಒಟ್ಟಿಗೆ ತಿರುಗಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ: ಇಂಥ ಕಾರಿನಲ್ಲಿ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ, ಶಾಫ್ಟೂ ಮುರಿಯುತ್ತದೆ.

ಅಲೈನ್‌ಮೆಂಟನ್ನು ಮನೆಯಲ್ಲೇ ನೋಡಬಹುದು. ಮಟ್ಟದ ನೆಲದಲ್ಲಿ ಸ್ಟೇರಿಂಗ್ ನೇರ ಮಾಡಿ ಕಾರು ನಿಲ್ಲಿಸಿ. ಮುಂದೊಂದು ಹಿಂದೊಂದು ಸೆಟೆದ ಅಡಿಕೆ ಸಲಾಕೆಯನ್ನು ಅಡ್ಡಲಾಗಿ ಇಟ್ಟು, ಅವುಗಳ ತುದಿಗಳಿಗೆ ಚಕ್ರದ ನಡುಭಾಗದ ಎತ್ತರದಲ್ಲಿ ಎರಡೂ ಬದಿ ದಾರ ಬಿಗಿಯಿರಿ. ಮೇಸ್ತ್ರಿಗಳು ಗೋಡೆ ಕಟ್ಟುವಾಗ ಬಳಸುವ ನೈಲಾನ್ ದಾರವೇ ಒಳ್ಳೆಯದು. ದಾರದಿಂದ ಮುಂದಿನ ಹಬ್ಬಿನ ನಡುವಿಗಿರುವ ದೂರ ಎಡಬಲಗಳಲ್ಲಿ ಸಮ ಬರಬೇಕು, ಹಿಂದಿನ ಹಬ್ಬಿಗೂ ಹಾಗೆಯೇ; ಎರಡು ದಾರಗಳ ನಡುವಿನ ಅಂತರ ಮುಂದೆ, ಹಿಂದೆ ಒಂದೇ ಇರಬೇಕು. ಈಗ ಮುಂದಿನ ರಿಮ್ಮಿನ ಮುಂದಂಚಿಗೂ ಹಿಂದಂಚಿಗೂ ದಾರದಿಂದ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ಒಂದೇ ಆದರೆ ಚಕ್ರ ನೇರವಾಗಿದೆ, ನಮಗೆ ಬೇಕಾದುದೂ ಅದೇ. ವ್ಯತ್ಯಾಸವಿದ್ದರೆ ಟೈ ರಾಡ್ ತುದಿಯ ಲಾಕ್ ನಟ್ ಸಡಿಲಿಸಿ ಅರ್ಧರ್ಧ ಸುತ್ತು ತಿರುಗಿಸುತ್ತ, ಪ್ರತಿ ಸಲವೂ ಕಾರನ್ನು ಒಂದು ಮಾರು ಹಿಂದೆ ಮುಂದೆ ದೂಡಿ ನಿಲ್ಲಿಸಿ ಮತ್ತೆ ಅಳೆಯಿರಿ. ದೂಡದೆ ಅಳೆದರೆ ಟಯರು ನೆಲಕ್ಕೆ ಕಚ್ಚಿಕೊಂಡಿದ್ದು ಸುಳ್ಳು ಅಳತೆ ಕೊಡುತ್ತದೆ. ಮೊದಲ ಸಲ ಅರ್ಧ ದಿನ ಹಿಡಿದೀತು.

ಚಕ್ರದ ಬೋಲ್ಟುಗಳನ್ನು ಕಾಲಿನಿಂದ ಒತ್ತಿ ಬಿಗಿಯುವ ಅಭ್ಯಾಸ ಬಿಟ್ಟು ಟಾರ್ಕ್ ರೆಂಚಿನಲ್ಲಿ ಮ್ಯಾನುವಲ್ ಹೇಳಿದ ಬಿಗಿಗೆ ತನ್ನಿ. ಮಾರುತಿಯ ಸಣ್ಣ ಕಾರುಗಳಲ್ಲಿ ಇದು 85 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ.

ಹಂತ 8: ಚಾಲಕನ ಸುರಕ್ಷೆ

ಹೆಲ್ಮೆಟ್ಟು, ಬೆಂಕಿ ತಾಳುವ ಉಡುಪು, ಎರಡೂ ಭುಜಗಳನ್ನು ಬಿಗಿಯುವ ಹಾರ್ನೆಸ್ ಬೆಲ್ಟ್ ಯಾವ ದರ್ಜೆಯವಿರಬೇಕೆಂದು ನಿಯಮಾವಳಿ ಹೇಳುತ್ತದೆ. ಅವನ್ನು ಯಾರೋ ಬಳಸಿ ಬಿಟ್ಟದ್ದು ಕೊಳ್ಳಬಾರದು. ಹಾರ್ನೆಸ್ಸಿನ ಭುಜದ ಪಟ್ಟಿಗಳನ್ನು ಸೀಟಿನ ಹಿಂದಿನ ನೆಲಕ್ಕೆ ಕಟ್ಟುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಹಾಗೆ ಕಟ್ಟಿದರೆ ಡಿಕ್ಕಿಯಾದಾಗ ಪಟ್ಟಿ ಭುಜವನ್ನು ಕೆಳಕ್ಕೆಳೆದು ಬೆನ್ನುಮೂಳೆಯನ್ನು ಅದುಮುತ್ತದೆ. ಪಟ್ಟಿಗಳು ಭುಜದ ಮಟ್ಟದಿಂದ ಸ್ವಲ್ಪವೇ ಕೆಳಕ್ಕೆ ವಾಲಿ ಹಿಂದಕ್ಕೆ ಹೋಗಬೇಕು. ಬ್ಯಾಟರಿಯನ್ನು ಲೋಹದ ಪಟ್ಟಿಯಿಂದ ಬಿಗಿದು, ಪ್ಲಸ್ ತುದಿಗೆ ರಬ್ಬರ್ ಟೋಪಿ ಹಾಕಿ.

ಹಂತ 9: ಕೊನೆಗೆ ಎಂಜಿನ್

ಉಳಿದ ಐದು ರೂಪಾಯಿಯಲ್ಲಿ ಆಗುವುದಿಷ್ಟು: ತಣ್ಣನೆಯ ಗಾಳಿ ಹೊರಗಿನಿಂದ ಬರುವಂತೆ ಏರ್ ಫಿಲ್ಟರಿನ ನಳಿಗೆಯನ್ನು ಸರಿಪಡಿಸುವುದು, ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಸರಿಯಿದೆಯೇ ನೋಡುವುದು, ಇಗ್ನಿಷನ್ ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಕ್ಷಣವನ್ನು) ಮ್ಯಾನುವಲ್ಲಿಗೆ ತಕ್ಕಂತೆ ಹೊಂದಿಸುವುದು. ಬಾನೆಟ್ಟಿನೊಳಗಿನ ಬಿಸಿಗಾಳಿ ಎಳೆಯುವ ಜಾಲರಿ ಫಿಲ್ಟರು ಸದ್ದು ಹೆಚ್ಚಿಸಿ ಶಕ್ತಿ ಕುಗ್ಗಿಸುತ್ತದೆ. ಹೆಡ್ಡನ್ನು ಲೇತಿಗೆ ಕೊಟ್ಟು ತೆಳುಮಾಡಿಸಿ ಕಂಪ್ರೆಷನ್ ಏರಿಸುವುದು ಮುಂದಿನ ವರ್ಷದ ಮಾತು. ಅಳತೆಯಿಲ್ಲದೆ ಮಾಡಿಸಿದರೆ ಎಂಜಿನ್ ‘ನಾಕ್’ ಆಗಿ, ಅಂದರೆ ಪೆಟ್ರೋಲ್ ಸ್ಫೋಟದಂತೆ ಉರಿದು, ಪಿಸ್ಟನ್ ತೂತು ಬೀಳುತ್ತದೆ.

ಹಂತ 10: ಟ್ರ್ಯಾಕಿನಲ್ಲಿ

ಮೊದಲ ಓಟವನ್ನು 2,500 ಆರ್‌ಪಿಎಮ್ಮಿನಿಂದ ಆರಂಭಿಸಿ, ಪ್ರತಿ ಓಟಕ್ಕೆ 500ರಂತೆ ಏರಿಸುತ್ತ ಎಲ್ಲಿ ಚಕ್ರ ಸುಮ್ಮನೆ ತಿರುಗಲಾರಂಭಿಸುತ್ತದೆ ಎಂದು ಕಂಡುಕೊಳ್ಳಿ. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಬೇಕು. ಗಾಳಿಯನ್ನೂ ಆರ್‌ಪಿಎಮ್ಮನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸಾಮಾನ್ಯ ಟಯರಿದ್ದವರು, ಚಕ್ರ ತಿರುಗಿಸಿ ಟಯರು ಬಿಸಿಮಾಡಲೆಂದು ಇರುವ ನೀರಿನ ಗುಂಡಿಗೆ ಇಳಿಯದೆ ಬದಿಯಿಂದ ಸುತ್ತಿ ಹೋಗಬೇಕು, ಇಳಿದರೆ ಟಯರಿನ ಗೀರುಗಳಲ್ಲಿ ತುಂಬಿದ ನೀರು ಆರಂಭದ ಗೆರೆಯಲ್ಲಿ ಸುರಿದು ನಿಮಗೂ ಹಿಂದಿನವರಿಗೂ ಜಾರುತ್ತದೆ.

ಕೈಗೆ ಬರುವ ಚೀಟಿಯಲ್ಲಿ ಒಟ್ಟು ಸಮಯವನ್ನಷ್ಟೇ ನೋಡಬೇಡಿ. ಮೊದಲ 60 ಅಡಿಯ, ಅಂದರೆ 18.3 ಮೀಟರಿನ, ಸಮಯವೂ ಗೆರೆ ದಾಟುವಾಗಿನ ವೇಗವೂ ಹೆಚ್ಚು ಹೇಳುತ್ತವೆ. ಕೊನೆಯ ವೇಗ ಚೆನ್ನಾಗಿದ್ದು 60 ಅಡಿ ತಡವಾಗಿದ್ದರೆ ದೋಷ ಟಯರು, ಕ್ಲಚ್ ಅಥವಾ ನಿಮ್ಮ ಕಾಲಿನದು. 60 ಅಡಿ ಚೆನ್ನಾಗಿದ್ದು ಕೊನೆಯ ವೇಗ ಕಡಿಮೆಯಿದ್ದರೆ ಎಂಜಿನ್ನಿನತ್ತ ನೋಡಿ. ಹೊರಡುವಾಗ ಉಳಿಸಿದ ಸೆಕೆಂಡಿನ ಹತ್ತನೆಯ ಒಂದು ಭಾಗ ಕೊನೆಯಲ್ಲಿ ಅದಕ್ಕಿಂತ ಹೆಚ್ಚಾಗಿಯೇ ಮರಳುತ್ತದೆ.

ಮಳೆಗಾಲಕ್ಕೆ ಮುನ್ನ

ಜೂನ್ ತಿಂಗಳ ಮೊದಲ ಮಳೆಗೆ ಮುಂಚೆಯೇ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಇಳಿಸಿಬಿಡಿ, ಎಥನಾಲ್ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಏರಿಸಿ, ಬ್ಯಾಟರಿ ಕಳಚಿ ಮನೆಯೊಳಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಶೂ ಡ್ರಮ್ಮಿಗೆ ಅಂಟುತ್ತದೆ, ಬಿಟ್ಟೇ ಇಡಿ. ಏರ್ ಫಿಲ್ಟರಿನ ಬಾಯಿಗೂ ಸೈಲೆನ್ಸರಿನ ತುದಿಗೂ ತಂತಿಬಲೆ ಕಟ್ಟಿ. ತೋಟದ ಇಲಿಗಳಿಗೆ ನಾಲ್ಕು ತಿಂಗಳು ಬೆಚ್ಚಗಿರಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಸೆಪ್ಟೆಂಬರಿನಲ್ಲಿ ಬಾನೆಟ್ ತೆರೆದಾಗ ಮೊದಲು ವೈರುಗಳನ್ನು ನೋಡಿ, ಆಮೇಲೆ ಬ್ಯಾಟರಿ ಜೋಡಿಸಿ.